ರಂಜಾನಿನ ನೆರೆಹೊರೆ

೨೦೨೫ನೆಯ ಇಸವಿಯ ಮಾರ್ಚ್ ೩೦, ಭಾನುವಾರ. ನಮ್ಮ ಮನೆಯಲ್ಲಿ ಚಾಂದ್ರಮಾನ ಯುಗಾದಿ. ಬೇವು-ಬೆಲ್ಲ ತಿಂದು, ಪಂಚಾಂಗ ಓದಿದ ಶಾಸ್ತ್ರ ಮುಗಿಸಿ ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಮೀರಾ ರೋಡಿನಿಂದ ಫೋನು ಬಂತು. "ಹಬ್ಬ ಆಯ್ತಾ? ನಾಳೆ ನಮ್ದು, ಚಂದ್ರ ಕಂಡ್ರೆ. ಬರ್ತೀಯಲ್ಲ ಮಾರಾಯ?" ಎಂದಿತು ಆ ಕಡೆಯ ದನಿ. ಚಂದ್ರ ಕಂಡ, ಸೋಮವಾರ ಈದ್ ಆಯಿತು. ನಾವು ಒಂದು ಸಣ್ಣ ಡಬ್ಬಿಯಲ್ಲಿ ಬೇವು-ಬೆಲ್ಲ ಹಾಕಿಕೊಂಡು ಬೆಳಗಿನ ಲೋಕಲ್ ಗಾಡಿ ಹತ್ತಿದೆವು.

ಹಬ್ಬಗಳು ಹೀಗೆ ಬೆನ್ನಿಗೆ ಬೆನ್ನು ತಾಗಿಸಿ ಬಂದುದರಲ್ಲಿ ಪವಾಡವೇನೂ ಇಲ್ಲ. ಎರಡೂ ಅಮಾವಾಸ್ಯೆಯ ಮಕ್ಕಳು. ನಾವು ಚೈತ್ರ ಶುದ್ಧ ಪಾಡ್ಯಕ್ಕೆ ವರ್ಷಾರಂಭ ಮಾಡಿದರೆ, ಅವರು ಅಮಾವಾಸ್ಯೆ ಕಳೆದು ಬಿದಿಗೆಯ ಬಾಲಚಂದ್ರ ಕಣ್ಣಿಗೆ ಕಂಡ ಮೇಲೆ ರಂಜಾನು ಮುಗಿಯಿತೆನ್ನುತ್ತಾರೆ. ಭೇದವಿರುವುದು ಬೇರೆ ಕಡೆ. ಹನ್ನೆರಡು ಚಾಂದ್ರಮಾಸಗಳಿಗೆ ೩೫೪ ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಮೆ. ನಮ್ಮ ಹಿರಿಯರು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕಮಾಸವೊಂದನ್ನು ಸೇರಿಸಿ ಲೆಕ್ಕ ಸರಿದೂಗಿಸಿದರು. ಆದುದರಿಂದ ಯುಗಾದಿ ಮಾವು ಚಿಗುರುವ ಕಾಲವನ್ನು ಬಿಟ್ಟು ಹೋಗುವುದಿಲ್ಲ. ಅವರಲ್ಲಿ ಅಧಿಕಮಾಸ ಇಲ್ಲ. ರಂಜಾನು ವರ್ಷ ವರ್ಷವೂ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ೨೦೩೦ರಲ್ಲಂತೂ ಒಂದೇ ಇಂಗ್ಲಿಷ್ ವರ್ಷದಲ್ಲಿ, ಜನವರಿಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ, ರಂಜಾನು ಎರಡು ಬಾರಿ ಆರಂಭವಾಗಲಿದೆ. ನಾವು ಎರಡು ಸುತ್ತು ಕಂಡವರು. ಚಳಿಯದನ್ನೂ ಕಂಡಿದ್ದೇವೆ, ಸುಡುಬಿಸಿಲಿನದನ್ನೂ ಕಂಡಿದ್ದೇವೆ.

ನಾವೆಂದರೆ ಗಂಡ ಹೆಂಡತಿ ಇಬ್ಬರೂ ಸೇರಿ ಬರೆಯುತ್ತಿರುವುದೆಂದು ವಾಚಕರು ತಿಳಿಯಬೇಕು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸಿದ್ದಾರೆ. ಕೆಲವು ಕಡೆ ಜಗಳವಾಡಿಯೂ ಆಗಿದೆ.

ನಮ್ಮದು ಉತ್ತರ ಕನ್ನಡ ಜಿಲ್ಲೆ. ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ ೧೯೫೬ರ ತನಕ ಮುಂಬಯಿಯ ಆಡಳಿತದಲ್ಲೇ ಇದ್ದ ಜಿಲ್ಲೆಯಾದ್ದರಿಂದ, ಹೊನ್ನಾವರ ಕುಮಟೆಗಳವರಿಗೆ ಮುಂಬಯಿ ಎಂದರೆ ಪರದೇಶವೆಂಬ ಭಾವನೆ ಆಗ ಇರಲಿಲ್ಲ. ಓದಿದ ಹುಡುಗ ನೌಕರಿಗೆ ಹೋಗುವ ರಾಜಧಾನಿ, ಅಷ್ಟೆ. ನಮ್ಮಲ್ಲಿ ಗಂಡಸಾದವನ ತಂದೆ ಹಾಗೆ ಬಂದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಾಸ್ತರರಾದರು. ಬಿಡಾರ ಸಿಕ್ಕಿದ್ದು ಡೋಂಗ್ರಿಯ ಒಂದು ಚಾಳಿನ ಮೂರನೆಯ ಮಾಳಿಗೆಯಲ್ಲಿ. ಮಾಟುಂಗಾದಲ್ಲಿ ಸಿಕ್ಕಿದ್ದರೆ ಸುತ್ತಲೂ ನಮ್ಮವರೇ ಇರುತ್ತಿದ್ದರು, ಬಾಡಿಗೆ ಮಾತ್ರ ಮಾಸ್ತರಿಕೆಗೆ ಎಟುಕುವಂತಿರಲಿಲ್ಲ. ಪಕ್ಕದ ಖೋಲಿಯಲ್ಲಿದ್ದವರು ಭಟ್ಕಳದ ನವಾಯತರು. ಬಟ್ಟೆಯ ಸಣ್ಣ ವ್ಯಾಪಾರ. ಮನೆಯಲ್ಲಿ ಅವರಾಡುತ್ತಿದ್ದುದು ಕೊಂಕಣಿಗೆ ಅರಬ್ಬೀ-ಫಾರಸೀ ಬೆರೆತ ನವಾಯತಿ. ನಮ್ಮೊಡನೆ ಅಪ್ಪಟ ಉತ್ತರ ಕನ್ನಡದ ಕನ್ನಡ. ಮುಂಬಯಿಯ ಆ ಗಲ್ಲಿಯಲ್ಲಿ ನಮ್ಮ ತಾಯಿಗೆ ತನ್ನ ಭಾಷೆಯ ಹೆಂಗಸೆಂದರೆ ಅವರೊಬ್ಬರೇ. ನಾವು ಮಕ್ಕಳು ಅವರನ್ನು ಕಾಕಾ, ಕಾಕಿ ಎನ್ನುತ್ತಿದ್ದೆವು. ಕಾಕಾ ನಮ್ಮ ತಂದೆಯನ್ನು ಕೊನೆಯವರೆಗೂ "ಮಾಸ್ತರ್ರೇ" ಎಂದೇ ಕರೆದರು.

ನವಾಯತರಿಗೂ ಮುಂಬಯಿಗೂ ಇರುವ ಸಂಬಂಧ ಇಂದು ನಿನ್ನೆಯದಲ್ಲ. ಮಾಹೀಮಿನ ದರ್ಗಾದಲ್ಲಿ ಮಲಗಿರುವ ಮಖ್ದೂಮ್ ಅಲಿ ಮಾಹಿಮಿ (೧೩೭೨–೧೪೩೧) ಆ ಕುಲದವರೇ. ಕುರಾನಿಗೆ ವ್ಯಾಖ್ಯಾನ ಬರೆದ ಪಂಡಿತರು. ಅವರ ಉರೂಸಿಗೆ ಮೊದಲ ಚಂದನ ಮುಂಬಯಿ ಪೊಲೀಸರದು. ಕಾಕಾ ಈ ಸಂಗತಿಯನ್ನು ಹೇಳುವಾಗ ಎದೆಯುಬ್ಬಿಸುತ್ತಿದ್ದರು. ನಮ್ಮ ತಂದೆ, "ಹಾಗಾದ್ರೆ ಪೊಲೀಸರು ಮೊದ್ಲು ಕೈಮುಗಿಯೋದು ನಮ್ಮ ಜಿಲ್ಲೆಯವರಿಗೆ ಅಂತಾಯ್ತು" ಎಂದು ಅದರಲ್ಲಿ ತಾವೂ ಪಾಲು ಪಡೆಯುತ್ತಿದ್ದರು.

ನಾವು ಏಳೆಂಟು ವರ್ಷದವರಿದ್ದಾಗ ರಂಜಾನು ಫೆಬ್ರವರಿಯ ಸುಮಾರಿಗೆ ಬರುತ್ತಿತ್ತು. ಮುಂಬಯಿಗೆ ಚಳಿಯೆಂಬುದು ಇರುವುದಾದರೆ ಆ ದಿನಗಳಲ್ಲಿ. ನಸುಕಿನ ನಾಲ್ಕು ಗಂಟೆಗೆ ಬೀದಿಯಲ್ಲಿ ಒಬ್ಬ ದಫ್ ಬಡಿದು ಹಾಡುತ್ತ ಸಹರಿಯ ಊಟಕ್ಕೆ ಜನರನ್ನೆಬ್ಬಿಸುತ್ತ ಹೋಗುವನು. ಅವನು ಎಬ್ಬಿಸಬೇಕಾದದ್ದು ಕಾಕಿಯನ್ನು. ಮೊದಲು ಎಚ್ಚರವಾಗುತ್ತಿದ್ದುದು ನಮ್ಮ ತಾಯಿಗೆ. ಆಕೆ ಗೋಡೆ ತಟ್ಟಿ "ಏಳೇ, ಹೊತ್ತಾಯ್ತು" ಎನ್ನುವಳು. ಹೇಗೂ ಎದ್ದಾಯಿತೆಂದು ನಲ್ಲಿಯಲ್ಲಿ ನೀರು ಹಿಡಿಯುವಳು. ನಮ್ಮ ಮಾಳಿಗೆಯಲ್ಲಿ ರಂಜಾನಿನ ತಿಂಗಳು ಕಳೆಯುವ ತನಕ ನೀರಿಗೆ ಜಗಳವಿಲ್ಲ.

ಸಾಯಂಕಾಲದ್ದು ಬೇರೆಯೇ ಕತೆ. ಚಾಳಿನ ಉದ್ದ ಪಡಸಾಲೆಯಲ್ಲಿ ಒಬ್ಬರ ಒಗ್ಗರಣೆ ಎಲ್ಲರ ಮೂಗಿಗೆ. ದಿನವಿಡೀ ತೊಟ್ಟು ನೀರು ಕುಡಿಯದವರ ಮುಂದೆ ಇಂಗು-ಸಾಸಿವೆಯ ವಾಸನೆ ಹೊರಡಿಸುವುದು ಪಾಪವೆಂದು ನಮ್ಮ ತಾಯಿ ತನ್ನಷ್ಟಕ್ಕೆ ನಿಶ್ಚಯಿಸಿ, ಆ ತಿಂಗಳು ಸಾರಿನ ಒಗ್ಗರಣೆಯನ್ನು ಮಗ್ರಿಬಿನ ಬಾಂಗಿನ ತನಕ ತಡೆದಿಡುವಳು. ಯಾರೂ ಕೇಳಿದ್ದಲ್ಲ. ಕಾಕಿಗೆ ಅದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಬಾಂಗು ಕೇಳಿಸಿತೆನ್ನುವಾಗ ಆ ಕಡೆ ಖರ್ಜೂರ, ಈ ಕಡೆ ಒಗ್ಗರಣೆ! ನಮ್ಮ ಪಾಲಿಗೆ ರಂಜಾನು ಎಂದರೆ ಇಂದಿಗೂ ಇಂಗಿನ ಪರಿಮಳ.

ಮನೆಯ ಆಚಾರ ಬೇರೆ, ಅಕ್ಕರೆ ಬೇರೆ. ಅವರ ಪಾತ್ರೆಯ ಅಡಿಗೆ ನಮ್ಮಲ್ಲಿ ನಡೆಯುವಂತಿರಲಿಲ್ಲ. ಇದನ್ನು ಮುಚ್ಚಿಡುವ ಕಾರಣವಿಲ್ಲ. ಕಾಕಿ ಅದಕ್ಕೆ ಮುಖ ಸಣ್ಣದು ಮಾಡಲಿಲ್ಲ. ಈದಿನ ಬೆಳಿಗ್ಗೆ ಹೊಸ ಹರಿವಾಣದಲ್ಲಿ ಹಸಿ ಶ್ಯಾವಿಗೆ, ಸಕ್ಕರೆ, ಒಣ ಖರ್ಜೂರ, ಚಾರೋಳಿ, ಪಿಸ್ತಾ, ಇಷ್ಟನ್ನು ಜೋಡಿಸಿ ಮೇಲೆ ಹಾಲಿಗೆಂದು ದುಡ್ಡಿಟ್ಟು ಕಳಿಸುವಳು. ನಮ್ಮವರು ಬ್ರಾಹ್ಮಣರಿಗೆ ಸ್ವಯಂಪಾಕ ಕೊಡುವುದಿಲ್ಲವೆ, ಥೇಟು ಹಾಗೆಯೇ. ತಾಯಿ ಅದರಿಂದ ತನ್ನ ಒಲೆಯ ಮೇಲೆ ಶೀರ್ ಖುರ್ಮಾ ಮಾಡುವಳು. ಹುಬ್ಬಳ್ಳಿ-ಧಾರವಾಡದ ಕಡೆಯವರು ಸುರಕುಂಬಾ ಎನ್ನುವುದು ಇದನ್ನೇ. ಚೌತಿಗೆ ನಮ್ಮಿಂದ ಚಕ್ಕುಲಿಯ ಡಬ್ಬಿ ಆ ಕಡೆಗೆ. ಅವರಿಗೆ ನಮ್ಮ ಪಾತ್ರೆಯ ಅಡ್ಡಿಯಿರಲಿಲ್ಲ, ಹಾಗಾಗಿ ಲೆಕ್ಕದಲ್ಲಿ ಅವರದೇ ಮೇಲುಗೈಯೆನ್ನಬೇಕು.

ಉಪವಾಸದ ವಿಷಯದಲ್ಲಿ ಮಾತ್ರ ಕಾಕಿ ತಾಯಿಯನ್ನು ಕೆಣಕದೆ ಬಿಡುತ್ತಿರಲಿಲ್ಲ. ಏಕಾದಶಿಯ ದಿನ ನಮ್ಮಲ್ಲಿ ಅವಲಕ್ಕಿ, ಬಾಳೆಹಣ್ಣು, ಹಾಲು, ಮುಂಬಯಿಗೆ ಬಂದ ಮೇಲೆ ಕಲಿತ ಸಾಬುದಾಣೆ ಖಿಚಡಿ. "ಇದು ಉಪವಾಸವೋ ಹಬ್ಬವೋ ಅಕ್ಕಾ?" ಎಂದು ಅವಳು ನಗುವಳು. ನಮ್ಮ ತಾಯಿಯ ಉತ್ತರ ಸಿದ್ಧವಿತ್ತು: "ನೀವು ರಾತ್ರಿಯಿಡೀ ತಿಂತೀರಲ್ಲೇ!" ಹೆಸರಿನಲ್ಲಾದರೂ ನಾವು ಹತ್ತಿರದವರೇ. ದಕ್ಷಿಣ ಕನ್ನಡದ ಬ್ಯಾರಿಗಳು ರೋಜಾಕ್ಕೆ ನೋಂಬು ಎನ್ನುತ್ತಾರೆ. ನಮ್ಮ ಹಳೆಯ ಹೆಂಗಸರು, ಜೈನರು ನೋಂಪಿ ಎನ್ನುವುದೂ ಅದೇ ಶಬ್ದ. ಅನಂತನ ನೋಂಪಿ ಕೇಳದವರು ನಮ್ಮಲ್ಲಿ ಯಾರು?

ಆ ವ್ರತದ ಕಟ್ಟುಪಾಡು ನಾವು ಹೊರಗಿನಿಂದ ತಿಳಿದಷ್ಟು ಗಡುಸಲ್ಲವೆಂಬುದು ನಮಗೆ ಕಾಕಿಯಿಂದಲೇ ತಿಳಿಯಿತು. ರೋಗಿ, ಪ್ರವಾಸಿ, ಬಸುರಿ, ಮೊಲೆಯೂಡಿಸುವ ತಾಯಿ, ಇವರಿಗೆ ವಿನಾಯಿತಿ. ಬಿಟ್ಟ ದಿನಗಳನ್ನು ಮುಂದೆ ಸಾವಕಾಶವಾಗಿ ತುಂಬಿಕೊಡಬಹುದು. ಮಕ್ಕಳಿಗೆ ಕಡ್ಡಾಯವೇ ಇಲ್ಲ. ಇದ್ದವರು ತಮ್ಮ ಉಳಿತಾಯದಲ್ಲಿ ನಲವತ್ತರಲ್ಲೊಂದು ಪಾಲನ್ನು ಜಕಾತ್ ಎಂದು ತೆಗೆಯಬೇಕು. ಈದಿನ ನಮಾಜಿಗೆ ಮೊದಲು ಫಿತ್ರಾ ಕೊಟ್ಟಿರಬೇಕು, ಬಡವನಿಗೂ ಆ ದಿನ ಹಬ್ಬವಾಗಲೆಂದು.

ರಾತ್ರಿ ತರಾವೀಹ್ ನಮಾಜು ಮುಗಿದ ಮೇಲೆ ಮಹಮ್ಮದಾಲಿ ರಸ್ತೆಯ ವೈಭವವನ್ನು ವರ್ಣಿಸಲು ಹೊರಟರೆ ಈ ಸಂಚಿಕೆ ಸಾಲದು. ದೀಪದ ತೋರಣ ಹೊತ್ತ ಮಿನಾರಾ ಮಸೀದಿಯ ಕೆಳಗೆ ದೊಡ್ಡ ಬಾಣಲೆಗಳಲ್ಲಿ ಕರಿಯುವ ಮಾಲ್ಪುವಾ, ಮಣ್ಣಿನ ತಟ್ಟೆಗಳಲ್ಲಿ ಹೆಪ್ಪುಗೊಂಡ ಫಿರ್ನಿ; ೧೯೩೬ರಿಂದ ನಡೆದು ಬಂದ ಸುಲೇಮಾನ್ ಉಸ್ಮಾನ್ ಮಿಠಾಯಿವಾಲಾರ ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಕಾಕಾ ತಮ್ಮ ಮಗನನ್ನೂ ನಮ್ಮನ್ನೂ ಎರಡು ಕೈಯಲ್ಲಿ ಹಿಡಿದು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಮಾಲ್ಪುವಾಕ್ಕೆ ಮೊಟ್ಟೆ ಬೀಳುತ್ತದಾದ್ದರಿಂದ ನಮಗೆ ಫಿರ್ನಿ ಮಾತ್ರವೆಂದು ಅವರೇ ನಿಯಮ ಮಾಡಿ ತಾವೇ ಕಾವಲಿರುವರು. ಬೋಹರಿ ಮೊಹಲ್ಲಾದವರಿಗೆ ರಂಜಾನು ಒಂದೆರಡು ದಿನ ಮುಂಚೆಯೇ ಹಿಡಿಯುತ್ತಿತ್ತು. ದಾವೂದಿ ಬೋಹರರು ಚಂದ್ರನನ್ನು ಕಾಯದೆ ಗಣಿತದ ಪಂಚಾಂಗವನ್ನು ನಂಬುವವರು. ಸ್ಮಾರ್ತ-ವೈಷ್ಣವ ಏಕಾದಶಿಗಳ ವ್ಯತ್ಯಾಸ ಕಂಡ ನಮಗೆ ಇದೇನೂ ವಿಚಿತ್ರವೆನಿಸಲಿಲ್ಲ. ಆ ಭೇಂಡಿ ಬಜಾರಿನ ಒಂದು ಭಾಗವನ್ನು, ಹದಿನಾರೂವರೆ ಎಕರೆಗಳಲ್ಲಿದ್ದ ಸುಮಾರು ೨೫೦ ಹಳೆಯ ಕಟ್ಟಡಗಳನ್ನು, ಕೆಡವಿ ಕಟ್ಟುವ ಕಾರ್ಯಕ್ಕೆಂದು ೨೦೦೯ರಲ್ಲಿ ಬೋಹರರ ಟ್ರಸ್ಟೊಂದು ಸ್ಥಾಪನೆಯಾಯಿತು. ಗಗನಚುಂಬಿ ಮಹಡಿಗಳಲ್ಲಿ ಪಡಸಾಲೆ ಇರುವುದಿಲ್ಲ. ಒಗ್ಗರಣೆಯನ್ನು ಯಾರೂ ಯಾರಿಗೂ ತಡೆದಿಡಬೇಕಾಗಿಲ್ಲ.

ಇಷ್ಟು ಪೀಠಿಕೆಯಾದ ಮೇಲೆ ಕೊಲ್ಲಿಯ ಕತೆಗೆ ಬರುತ್ತೇವೆ.

೧೯೭೩ರಲ್ಲಿ ಎಣ್ಣೆಯ ಬೆಲೆ ಏರಿದ ತರುವಾಯ ಮುಂಬಯಿಯ ಕನ್ನಡಿಗರ ಮನೆ ಮನೆಯಿಂದಲೂ ಒಬ್ಬನು ಕೊಲ್ಲಿಗೆ ಹೊರಟನೆಂದರೆ ಅತಿಶಯೋಕ್ತಿ ಸ್ವಲ್ಪವೇ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾದದ್ದು ೨೦೦೬ರಲ್ಲಿ. ಅಲ್ಲಿಯ ತನಕ ಕರಾವಳಿಯವರಿಗೆಲ್ಲ ಮುಂಬಯಿಯೇ ಬಾಗಿಲು. ಹೊರಡುವವರು ನೆಂಟರ ಖೋಲಿಗಳಲ್ಲಿ ತಿಂಗಳುಗಟ್ಟಲೆ ಚಾಪೆ ಹಾಸಿ ವೀಸಾ ಕಾಯುತ್ತಿದ್ದುದನ್ನು ಹಿರಿಯ ವಾಚಕರು ಮರೆತಿರಲಾರರು. ನಮ್ಮಲ್ಲಿ ಗಂಡಸಾದವನು ೧೯೭೮ರಲ್ಲಿ ‘ದ್ವಾರಕಾ’ ಹಡಗಿನ ಡೆಕ್ಕಿನಲ್ಲಿ ಟ್ರಂಕಿನ ಮೇಲೆ ಕುಳಿತು ಕರಾಚಿಯ ಹಾದಿಯಾಗಿ ದುಬೈಗೆ ಹೋದನು. ಆ ಹಡಗು ೧೯೮೨ರಲ್ಲಿ ನಿಂತಿತು. ಕಾಕಾ ಬಂದರಕ್ಕೆ ಬಂದು, "ಅಲ್ಲಿ ಮೊದ್ಲು ನಮ್ದೇ ರೂಪಾಯಿ ನಡೀತಿತ್ತು ಗೊತ್ತೇನೋ? ಹೆದರ್ಬೇಡ" ಎಂದಿದ್ದರು. ಮಾತು ನಿಜ. ರಿಜರ್ವ್ ಬ್ಯಾಂಕು ೧೯೫೯ರಲ್ಲಿ ಕೊಲ್ಲಿಗೆಂದೇ ಪ್ರತ್ಯೇಕ ನೋಟು ಮುದ್ರಿಸಿತ್ತು; ೧೯೬೬ರಲ್ಲಿ ನಮ್ಮ ರೂಪಾಯಿಯ ಬೆಲೆಯಿಳಿಸಿದ ಮೇಲೆ ದುಬೈ ಅದನ್ನು ಕೈಬಿಟ್ಟಿತು.

ಹೆಂಡತಿ ಎರಡು ವರ್ಷದ ಮಗುವನ್ನೆತ್ತಿಕೊಂಡು ಬಂದದ್ದು ೧೯೮೨ರ ಆರಂಭದಲ್ಲಿ. ಆ ವರ್ಷದ ರಂಜಾನು ಹಿಡಿದದ್ದು ಜೂನ್ ತಿಂಗಳ ಕೊನೆಗೆ. ನಮ್ಮ ಮುಂಬಯಿಯಲ್ಲಿ ಮಳೆ ಹಿಡಿದು ಕೊಡೆ ಬಿಚ್ಚುವ ಹೊತ್ತು; ಅಲ್ಲಿ ನೆಲ ಕಾದ ಕಾವಲಿ. ಉಪವಾಸದ ಹೊತ್ತು ಹದಿನೈದು ತಾಸಿನ ಸಮೀಪ. ಹಗಲು ಬೀದಿಯಲ್ಲಿ ತಿನ್ನುವುದು, ಕುಡಿಯುವುದು, ಸಿಗರೇಟು ಸೇದುವುದು ಮುಸ್ಲಿಮರಲ್ಲದವರಿಗೂ ಸಲ್ಲದೆಂದು ಕಚೇರಿಯಲ್ಲಿ ಮೊದಲೇ ತಿಳಿಸಿದ್ದರು. ಡೋಂಗ್ರಿಯಲ್ಲಿ ಬೆಳೆದ ನಮಗೆ ಇದರಲ್ಲಿ ಹೊಸತೇನೆಂದುಕೊಂಡದ್ದು ನಮ್ಮ ತಪ್ಪು. ಡೋಂಗ್ರಿಯಲ್ಲಿ ತಡೆದಿಟ್ಟದ್ದು ನಮ್ಮ ತಾಯಿಯ ಇಷ್ಟ. ಇಲ್ಲಿ ಅರಸನ ಕಟ್ಟಳೆ. ಎರಡಕ್ಕೂ ರುಚಿ ಬೇರೆ. ಮೊದಲ ವಾರ ಕಚೇರಿಯ ದಾಸ್ತಾನು ಕೋಣೆಯಲ್ಲಿ ಕದ ಮುಚ್ಚಿ ಕಳ್ಳನ ಹಾಗೆ ನೀರು ಕುಡಿಯುವಾಗ ಅವಮಾನವೆನಿಸಿದ್ದುಂಟು. ಎರಡನೆಯ ವಾರ ಅದೂ ಅಭ್ಯಾಸವಾಯಿತು. ಮೂರನೆಯ ವಾರ ಪಕ್ಕದ ಮೇಜಿನ ಪೇಶಾವರದ ಗುಮಾಸ್ತ ತುಟಿ ಒಣಗಿ ಬಿಳಿಚಿಕೊಂಡಿದ್ದರೂ ನಮ್ಮ ಲೆಕ್ಕದ ತಪ್ಪನ್ನು ನಗುತ್ತ ತಿದ್ದಿಕೊಟ್ಟಾಗ, ಅವಮಾನ ಯಾತರದು ಎನಿಸಿತು. ಕೆಲಸದ ಹೊತ್ತು ಎರಡು ತಾಸು ಕಡಮೆ. ೧೯೮೦ರ ಕಾರ್ಮಿಕ ಕಾನೂನಿನಂತೆ ಈ ಸೌಲಭ್ಯ ಉಪವಾಸವಿದ್ದವನಿಗೂ ಇಲ್ಲದವನಿಗೂ ಸಮಾನ. ಆ ಎರಡು ತಾಸು ನಿದ್ದೆಯನ್ನು ನಾವು ಯಾವ ಪುಣ್ಯಕ್ಕೂ ಕಡಮೆಯಿಲ್ಲದೆ ಅನುಭವಿಸಿದೆವು.

ಇನ್ನು ಮುಂದಿನದು ಹೆಂಡತಿಯ ಪಾಲಿನ ಕತೆ. ಬರ್ ದುಬೈಯ ಮೀನಾ ಬಜಾರಿನಲ್ಲಿ ಒಂದು ಮಧ್ಯಾಹ್ನ ಮಗು ನೀರಿಗೆ ಹಟ ಹಿಡಿಯಿತು. ಚೀಲದಲ್ಲಿ ಬಾಟಲಿಯಿದೆ, ತೆಗೆಯಲು ಭಯ. ಮಗು ಅಳುತ್ತ ನೆಲಕ್ಕೆ ಬಿದ್ದು ಹೊರಳಿತು. ಕಪ್ಪು ಬಟ್ಟೆಯ ಮುದುಕಿಯೊಬ್ಬಳು ಎದುರಿಗೆ ಬಂದು ಅರಬ್ಬಿಯಲ್ಲಿ ಗದರಿಸತೊಡಗಿದಳು. ಭಾಷೆ ತಿಳಿಯದು, ಪೊಲೀಸರನ್ನು ಕರೆಯುತ್ತಾಳೆಂದೇ ಎದೆ ಹಾರಿತು. ಆಕೆ ಮಗುವನ್ನು ರಟ್ಟೆ ಹಿಡಿದೆತ್ತಿ, ನಮ್ಮ ಚೀಲಕ್ಕೆ ತಾನೇ ಕೈಹಾಕಿ ಬಾಟಲಿ ತೆಗೆದು, ನಡುಬೀದಿಯಲ್ಲೇ ಅದರ ಬಾಯಿಗಿಟ್ಟಳು. ಮಗು ಗಟಗಟನೆ ಕುಡಿಯುವುದನ್ನು ನೋಡುತ್ತ, ನಮ್ಮ ಕಡೆ ತಿರುಗಿ ಮತ್ತೆ ಗದರಿಸಿದಳು. ಅಂಗಡಿಯ ಸಿಂಧಿ ನಗುತ್ತ ಅರ್ಥ ಹೇಳಿದ: "ಕೂಸನ್ನು ಬಾಯಾರಿಸಿ ಸಾಯಿಸಲು ನಿನಗೆ ಯಾವ ದೇವರು ಹೇಳಿದ್ದಾನೆ ಎಂದು ಕೇಳುತ್ತಿದ್ದಾಳೆ." ಆ ಮುದುಕಿಯ ತುಟಿಯೂ ಒಡೆದಿತ್ತು. ಬಾಟಲಿಯ ಹೊರಮೈಯ ತಂಪಿಗೆ ತನ್ನ ಒದ್ದೆ ಬೆರಳನ್ನು ಸೆರಗಿಗೆ ಒರಸಿಕೊಂಡು ಹೊರಟುಹೋದಳು.

ಸಂಜೆ ಸೂರ್ಯ ಮುಳುಗಿದೊಡನೆ ತೋಪು ಹಾರುವುದು. ಐದು ನಿಮಿಷ ಊರಿಗೆ ಊರೇ ನಿಶ್ಶಬ್ದ. ಖಾಡಿಯ ದಂಡೆಯಲ್ಲಿ ಅಬ್ರಾ ದೋಣಿಗಳು ನಿಂತಲ್ಲೇ ನಿಲ್ಲುವುವು. ಮಸೀದಿಗಳ ಮುಂದೆ ನೆಲಕ್ಕೆ ಹಾಸಿದ ಉದ್ದನೆಯ ಸುಪ್ಪತ್ತಿಗೆಗಳ ಮೇಲೆ ಕೂಲಿಗಳೂ ಸಾಹುಕಾರರೂ ಒಂದೇ ಪಂಕ್ತಿ. ನೀನು ಯಾರೆಂದು ಕೇಳುವವರಿಲ್ಲ. ತೆಲುಗರ ಹುಡುಗರೂ ನಮ್ಮ ಕುಂದಾಪುರದ ಹುಡುಗರೂ ತಿಂಗಳ ಊಟದ ಖರ್ಚು ಉಳಿಸಿಕೊಂಡದ್ದುಂಟು. ಬರ್ ದುಬೈಯ ದೊಡ್ಡ ಮಸೀದಿಯ ಬೆನ್ನಿಗೇ, ೧೯೫೮ರಿಂದ, ಶಿವ-ಕೃಷ್ಣರ ಮಂದಿರವಿತ್ತು. ಬಾಂಗು ಮುಗಿದ ಬಳಿಕ ಗಂಟೆ. ೨೦೨೪ರ ಆರಂಭದಲ್ಲಿ ಶಿವಮಂದಿರ ಜೆಬೆಲ್ ಅಲಿಯ ಹೊಸ ದೇವಾಲಯಕ್ಕೆ ಸ್ಥಳಾಂತರವಾಯಿತೆಂದು ಮಗಳು ತಿಳಿಸಿದಳು. ಎಲ್ಲವೂ ಬದಲಾಗಿದೆ. ದುಬೈಯಲ್ಲಿ ೨೦೨೧ರಿಂದ ಹೋಟೆಲುಗಳು ರಂಜಾನಿನ ಹಗಲಲ್ಲಿ ಪರದೆ ಕಟ್ಟಬೇಕೆಂಬ ನಿಯಮವೂ ಇಲ್ಲ. ಕುವೈತಿನಲ್ಲಿ ಮಾತ್ರ ೧೯೬೮ರ ಕಾನೂನು ಹಾಗೆಯೇ ಇದೆ: ಹಗಲು ಬಹಿರಂಗವಾಗಿ ತಿಂದವನಿಗೆ ನೂರು ದಿನಾರಿನವರೆಗೆ ದಂಡ, ಇಲ್ಲವೆ ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಹೊಸತಾಗಿ ಹೊರಡುವ ನಮ್ಮ ಹುಡುಗರು ತಾವು ಹೋಗುವ ನಾಡಿನ ಕಟ್ಟಳೆಯನ್ನು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಒಂದು ದೇಶದ್ದು ಇನ್ನೊಂದರಲ್ಲಿ ನಡೆಯದು.

ಹೀಗೆ ಹದಿನಾರು ವರ್ಷ ಕಳೆದೆವು. ಅದರ ಕೊನೆಯ ಭಾಗದಲ್ಲಿ ೧೯೯೨ರ ಡಿಸೆಂಬರ್ ಬಂತು.

ಮುಂಬಯಿ ಉರಿಯುತ್ತಿದೆಯೆಂದು ದೂರದರ್ಶನದಲ್ಲಿ ನೋಡುತ್ತ ನಾವು ದುಬೈಯಲ್ಲಿ ಕುಳಿತಿದ್ದೆವು. ಮುದಿ ತಂದೆತಾಯಿ ಡೋಂಗ್ರಿಯಲ್ಲಿ. ಮೂರು ದಿನ ಫೋನು ಸಿಕ್ಕಲಿಲ್ಲ. ನಾಲ್ಕನೆಯ ದಿನ ಸಿಕ್ಕಿದಾಗ ಎತ್ತಿದವರು ಕಾಕಾ. "ಮಾಸ್ತರ್ರು ನಮ್ಮ ಖೋಲೀಲಿ ಮಲಗಿದಾರೆ. ಅಕ್ಕ ಅಡಿಗೆ ಮಾಡ್ತಾ ಇದಾಳೆ, ಅವಳದೇ ಪಾತ್ರೇಲಿ, ಹೆದರ್ಬೇಡ" ಎಂದರು. ಆ ಹೊತ್ತಿನಲ್ಲಿಯೂ ಪಾತ್ರೆಯನ್ನು ಮರೆಯದ ಮನುಷ್ಯ! ಜನವರಿಯ ಎರಡನೆಯ ಸುತ್ತಿನಲ್ಲಿ ಕಾಕಾನ ಹಿರಿಯ ಮಗಳ ಮನೆ, ಉಪನಗರದಲ್ಲಿ ಹಿಂದೂಗಳ ನಡುವೆ ಇದ್ದದ್ದು, ಲೂಟಿಯಾಯಿತು. ಜೀವಕ್ಕೆ ಅಪಾಯವಾಗಲಿಲ್ಲ. ನ್ಯಾಯಮೂರ್ತಿ ಶ್ರೀಕೃಷ್ಣರ ಆಯೋಗ ಎಣಿಸಿದಂತೆ ಆ ಎರಡು ತಿಂಗಳಲ್ಲಿ ಸತ್ತವರು ೯೦೦. ಅವರಲ್ಲಿ ೫೭೫ ಮುಸ್ಲಿಮರು, ೨೭೫ ಹಿಂದೂಗಳು. ಮುಂದೆ ಮಾರ್ಚ್ ೧೨ರ ಬಾಂಬು ಸ್ಫೋಟಗಳಲ್ಲಿ ೨೫೭ ಮಂದಿ. ಅದು ರಂಜಾನಿನ ಶುಕ್ರವಾರ. ಕಾಕಾ ಆ ಸಂಜೆ ಖರ್ಜೂರವನ್ನು ಕೈಯಲ್ಲಿ ಹಿಡಿದೇ ಕುಳಿತಿದ್ದರೆಂದು, ಬಾಯಿಗೆ ಹಾಕಲು ಬಹಳ ಹೊತ್ತಾಯಿತೆಂದು ನಮ್ಮ ತಾಯಿ ಹೇಳುತ್ತಿದ್ದಳು.

ಅದಾದ ಮೇಲೆ ಊರೇ ಜರಡಿ ಹಿಡಿದಂತೆ ಬೇರೆ ಬೇರೆಯಾಯಿತು. ಮುಸ್ಲಿಮರು ಮುಂಬ್ರಾ, ಮೀರಾ ರೋಡಿನ ಕಡೆಗೆ. ಡೋಂಗ್ರಿಯ ಕೆಲವೇ ಹಿಂದೂಗಳು ಇತ್ತ ಕಡೆಗೆ. ನಾವು ೧೯೯೪ರಲ್ಲಿ ಹಿಂದಿರುಗಿ ಪಶ್ಚಿಮ ಉಪನಗರದ ಒಂದು ಸೊಸೈಟಿಯಲ್ಲಿ ಫ್ಲ್ಯಾಟು ಕೊಂಡು ತಂದೆತಾಯಿಯನ್ನು ಕರೆತಂದೆವು. ಸೊಸೈಟಿಯಲ್ಲಿ ಗುಜರಾತಿಗಳು, ಮರಾಠಿಗರು, ನಾವು ನಾಲ್ಕು ಕನ್ನಡದ ಮನೆಯವರು. ಎಲ್ಲರೂ ಸಜ್ಜನರು. ಇದನ್ನು ವ್ಯಂಗ್ಯವಾಗಿ ಬರೆಯುತ್ತಿಲ್ಲ. ನಮ್ಮ ತಂದೆ ತೀರಿಕೊಂಡಾಗ ಹೆಗಲು ಕೊಟ್ಟವರು ಅವರೇ.

೧೯೯೬ರಲ್ಲಿ ಎರಡನೆಯ ಮಹಡಿಯ ಫ್ಲ್ಯಾಟು ಮಾರಾಟಕ್ಕೆ ಬಂತು. ಕಾಕಾನ ಮಗ, ಫಿರ್ನಿಯ ದಿನಗಳ ನಮ್ಮ ಗೆಳೆಯ, ಕೊಳ್ಳಲು ಮುಂದೆ ಬಂದ. ಮುಂಗಡವೂ ಆಗಿತ್ತು. ಸೊಸೈಟಿಯ ಸಭೆ ಕರೆದರು. ನಿಯಮಾವಳಿಯಲ್ಲಿ ಅಡ್ಡಿಮಾಡುವ ಮಾತು ಒಂದಕ್ಷರವೂ ಇರಲಿಲ್ಲ. ಪಾರ್ಸಿಗಳಿಗೆ ಮಾತ್ರ ಎಂದು ಬೈಲಾದಲ್ಲಿ ಬರೆದುಕೊಂಡ ಅಹಮದಾಬಾದಿನ ಸೊಸೈಟಿಯ ಪರವಾಗಿ ಸುಪ್ರೀಂ ಕೋರ್ಟು ತೀರ್ಪಿತ್ತದ್ದು ಎಷ್ಟೋ ಮುಂದೆ, ೨೦೦೫ರಲ್ಲಿ. ಇಲ್ಲಿ ಬರೆದದ್ದೇನೂ ಇಲ್ಲ. "ಮಾಂಸದ ವಾಸನೆ" ಎಂದರು ಒಬ್ಬರು. "ಈಗಿನ ಕಾಲ ಸರಿಯಿಲ್ಲ, ನಾಳೆ ಏನಾದರೂ ಆದರೆ ಅವರಿಗೇ ತೊಂದರೆ" ಎಂದರು ಇನ್ನೊಬ್ಬರು, ಬಹಳ ಮೆತ್ತಗೆ. ಕಾರ್ಯದರ್ಶಿ ನಮ್ಮ ಕಡೆ ತಿರುಗಿ, "ನೀವು ಗಲ್ಫಿನಲ್ಲಿ ಇದ್ದವರು. ನಿಮಗೇ ಗೊತ್ತು, ಏನು ಹೇಳುತ್ತೀರಿ?" ಎಂದರು.

ನಾವು ಏನೂ ಹೇಳಲಿಲ್ಲ.

ಮಗಳ ಮದುವೆಯ ಮಾತುಕತೆ ನಡೆದಿತ್ತು, ಅದೇ ಜನರ ನಡುವೆ ಬಾಳಬೇಕಿತ್ತು, ಎಂಬಿತ್ಯಾದಿ ಕಾರಣಗಳನ್ನು ಈಗ ಪಟ್ಟಿ ಮಾಡಬಹುದು. ಹದಿನಾರು ವರ್ಷ ಪರರ ನಾಡಿನಲ್ಲಿ ಬಾಡಿಗೆಗೆ ಮನೆ ಕೇಳಿದಾಗ ನಮ್ಮ ದೇವರು ಯಾರೆಂದು ಒಬ್ಬ ಅರಬನೂ ಕೇಳಿದ್ದಿಲ್ಲ. ಆ ಮಾತನ್ನಾದರೂ ಆಡಬಹುದಿತ್ತು. ಬಾಯಿ ಬರಲಿಲ್ಲ. ಮುಂಗಡ ಹಿಂದಿರುಗಿತು. ಗೆಳೆಯ ಮೀರಾ ರೋಡಿನ ನಯಾ ನಗರದಲ್ಲಿ ಮನೆ ಮಾಡಿದ. ಸಭೆಯಲ್ಲಿ ನಾವು ಇದ್ದೆವೆಂದು ಅವನಿಗೆ ಗೊತ್ತು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಒಮ್ಮೆಯೂ ಆ ಮಾತೆತ್ತಲಿಲ್ಲ. ಈದಿನ ಮುಂಚಿನ ದಿನದ ಫೋನನ್ನೂ ತಪ್ಪಿಸಲಿಲ್ಲ. ನಮ್ಮ ತಾಯಿಗೆ ನಾವು ವಿಷಯ ತಿಳಿಸಿರಲಿಲ್ಲ, ಅವಳಿಗೆ ಹೇಗೋ ತಿಳಿಯಿತು. ಆ ವರ್ಷದ ರಂಜಾನಿನಲ್ಲಿ, ಅಕ್ಕಪಕ್ಕ ಒಬ್ಬ ಮುಸ್ಲಿಮನೂ ಇಲ್ಲದ ಆ ಕಟ್ಟಡದಲ್ಲಿ, ಅವಳು ಒಂದು ತಿಂಗಳು ಸಾರಿಗೆ ಒಗ್ಗರಣೆಯನ್ನು ದೀಪ ಹಚ್ಚುವ ಹೊತ್ತಿನ ತನಕ ಹಾಕಲಿಲ್ಲ. ಕೇಳಿದರೆ, "ಅಭ್ಯಾಸ" ಎಂದಳು.

ಈ ಸಲ ನಯಾ ನಗರದ ಅವನ ಮನೆಯಲ್ಲಿ ಕುಳಿತಾಗ ಬೇವು-ಬೆಲ್ಲದ ಡಬ್ಬಿ ಬಿಚ್ಚಿದೆವು. ಅವನು ಬೇವಿನ ಹೂವನ್ನೇ ಹುಡುಕಿ ಹುಡುಕಿ ತಿಂದ. ಸಕ್ಕರೆ ಕಾಯಿಲೆ, ಬೆಲ್ಲ ಬಾರದು. ಅವನ ಹೆಂಡತಿ ಒಳಗಿನಿಂದ ಹರಿವಾಣ ತಂದಿಟ್ಟಳು: ಹಸಿ ಶ್ಯಾವಿಗೆ, ಸಕ್ಕರೆ, ಒಣ ಖರ್ಜೂರ, ಪಿಸ್ತಾ. ನಾವು ಈಗ ಅವರ ಅಡಿಗೆಯನ್ನೇ ಉಣ್ಣುತ್ತೇವೆ, ಅದು ಅವರಿಗೂ ಗೊತ್ತು. ಆದರೂ ಅತ್ತೆ ಹಾಕಿದ ಪದ್ಧತಿಯನ್ನು ಸೊಸೆ ಬಿಟ್ಟಿಲ್ಲ. ಉಂಡು ಏಳುವಾಗ ಅವರ ಮಗ, ಬ್ಯಾಂಕಿನಲ್ಲಿರುವವನು, ಸಂಕೋಚದಿಂದ ಕೇಳಿದ: "ನಿಮ್ಮ ಬಿಲ್ಡಿಂಗಲ್ಲಿ ನಾಲ್ಕನೇ ಮಾಳಿಗೆ ಖಾಲಿಯಾಗಿದೆಯಂತೆ ಕಾಕಾ. ನನ್ನ ಆಫೀಸು ಆ ಕಡೇನೇ. ಕೇಳಿ ನೋಡ್ಬಹುದಾ?" ಗೆಳೆಯ, "ಸುಮ್ನಿರೋ" ಎಂದು ಅವನನ್ನು ಗದರಿಸಿದ. ನಮ್ಮ ಮುಖ ನೋಡಲಿಲ್ಲ.

ಮನೆಗೆ ಬಂದ ರಾತ್ರಿಯೇ ಸೊಸೈಟಿಗೆ ಕಾಗದ ಬರೆದೆವು. ಇಬ್ಬರೂ ಸಹಿ ಹಾಕಿದ್ದೇವೆ. ಉಳಿದ ಮೂರು ಕನ್ನಡದ ಮನೆಗಳಲ್ಲಿ ಒಂದರವರು ಸಹಿ ಹಾಕಿದರು. ಒಂದರವರು ನೋಡೋಣ ಎಂದರು. ಒಂದರವರು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ೧೯೯೬ರ ಕಾರ್ಯದರ್ಶಿ ಈಗಿಲ್ಲ. ಅವರ ಮಗ ಕಾರ್ಯದರ್ಶಿ. ಕಾಗದವನ್ನು ಓದಿ ಮಡಿಚಿ, "ಅಂಕಲ್, ಸಭೆಯಲ್ಲಿ ನೀವೇ ಎದ್ದು ಮಾತಾಡುತ್ತೀರಾ?" ಎಂದು ಕೇಳಿದ. ಆಡುತ್ತೇವೆ ಎಂದಿದ್ದೇವೆ. ಸಭೆಯ ದಿನ ಇನ್ನೂ ಗೊತ್ತುಮಾಡಿಲ್ಲ.